ರಾಗಿ ಹುಲ್ಲಿನ ಉರಿಯಲ್ಲಿ ಪಾಸಾದ ಬೀರು

ದಾಖಲೆ ಕೊಠಡಿಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನೀವು ಪಾಸು ಮಾಡಿದ ಅಗ್ನಿನಿರೋಧಕ ಬೀರುಗಳ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಸೋಮವಾರ ಹಳೇ ಕಡತಗಳನ್ನೆಲ್ಲ ಅವುಗಳೊಳಗೆ ಜೋಡಿಸಿ ಬೀಗ ಹಾಕುತ್ತೀರಂತೆ. ನನ್ನ ಹೆಂಡತಿ ಕೆಂಚಮ್ಮನಿಗೆ ಸಾತನೂರಿನ ತವರು ಜಮೀನಿನಲ್ಲಿ ಪಾಲು ಬಂದದ್ದಕ್ಕೆ ಇರುವ ಒಂದೇ ಅಸಲು ದಾಖಲೆಯೂ ಆ ಕಡತಗಳಲ್ಲಿದೆ. ನಕಲಿಲ್ಲ. ಸ್ಕ್ಯಾನ್ ಮಾಡುವ ಸರದಿ ಇನ್ನೂ ಬಂದಿಲ್ಲವೆಂದು ನಿಮ್ಮವರೇ ಹೇಳಿದ್ದಾರೆ. ಪಾಲೇ ಕೊಟ್ಟಿಲ್ಲವೆಂದು ಅವಳ ಅಣ್ಣಂದಿರು ಕೋರ್ಟಿಗೆ ಹೋಗಿರುವಾಗ, ಆ ಕಾಗದ ಸುಟ್ಟರೆ ಅವಳ ಜಮೀನೂ ಹೋದಂತೆ.

ಪರೀಕ್ಷೆಯ ದಿನ ನಾವಿಬ್ಬರೂ ನಿಮ್ಮ ಕಚೇರಿ ಅಂಗಳದಲ್ಲೇ ಇದ್ದೆವು. ಏನು ವೈಭವ ಸ್ವಾಮಿ ಅದು. ಬೀರುವಿಗೆ ಅರಿಶಿನ ಕುಂಕುಮ, ಹೂವಿನ ಹಾರ, ಮುಂದೆ ಈಡುಗಾಯಿ. ಒಳಗೆ ಒಂದು ಕಟ್ಟು ಬಿಳಿ ಹಾಳೆ. ಪೂಜೆಯಾದ ಬೀರುವಿನಲ್ಲಿ ಬರೀ ಹಾಳೆ ಇರಬಾರದೆಂದು ಅದರ ಪಕ್ಕದಲ್ಲೇ ವೀಳ್ಯದೆಲೆ, ಬಾಳೆಹಣ್ಣು. ಬಾಗಿಲು ಹಾಕಿ, ಸುತ್ತ ರಾಗಿ ಹುಲ್ಲು ಒಟ್ಟಿ ಬೆಂಕಿ ಕೊಟ್ಟರು. ಹುಲ್ಲಿನ ಬೆಂಕಿಯ ಆಯಸ್ಸು ಎಷ್ಟೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಧಗ್ಗನೆ ಎದ್ದು ನೋಡನೋಡುತ್ತ ಬೂದಿಯಾಯಿತು. ಬಾಗಿಲು ಆರುವತನಕ ನೀವು ಭಾಷಣ ಮಾಡಿದಿರಿ. ತೆಗೆದರೆ ಹಾಳೆ ಬೆಳ್ಳಗಿತ್ತು. ಚಪ್ಪಾಳೆ, ಫೋಟೊ, ಪಾಸು.

ಆಮೇಲೆ ಪ್ರಸಾದವೆಂದು ಬೀರುವಿನೊಳಗಿದ್ದ ಒಂದು ಹಣ್ಣು ಕೆಂಚಮ್ಮನ ಕೈಗೆ ಬಂತು. ಸಿಪ್ಪೆ ಕಪ್ಪಾಗಿತ್ತು, ಒಳಗೆ ಬೆಂದು ಮೆತ್ತಗಾಗಿತ್ತು. ಅವಳು ಅದನ್ನು ನಿಮ್ಮ ಮುಂದೆ ಹಿಡಿದು, "ಸಾಮಿ, ಹಣ್ಣು ಬೆಂದೋಗೈತೆ. ನನ್ ಕಾಗ್ದನೂ ಇದ್ರೊಳಿಕ್ಕೇ ಮಡಗ್ತೀರಾ?" ಎಂದಳು. ನೀವು ನಗುತ್ತ, "ಅಮ್ಮಾ, ಪರೀಕ್ಷೆ ಮಾಡಿದ್ದು ಕಾಗದಕ್ಕೆ, ಬಾಳೆಹಣ್ಣಿಗಲ್ಲ" ಎಂದಿರಿ. ಸುತ್ತಲಿದ್ದವರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಇಂಥ ಬೀರು ಮಾರುವ ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನು ಮಾಡಿ, ನಿಜವಾದ ಪರೀಕ್ಷೆ ಹೇಗಿರುತ್ತದೆಂದು ಕೇಳಿದೆ. ಕುಲುಮೆಯಂಥ ದೊಡ್ಡ ಒಲೆಯೊಳಗಿಟ್ಟು ಒಂದೋ ಎರಡೋ ಗಂಟೆ ಬಿಡದೆ ಕಾಯಿಸುತ್ತಾರಂತೆ. ಒಳಗೆ ಶಾಖ ಎಷ್ಟೇರಿತೆಂದು ಉದ್ದಕ್ಕೂ ಅಳೆಯುತ್ತಾರಂತೆ, ಯಾಕೆಂದರೆ ಕಾಗದ ಕರಕಲಾಗಲು ಜ್ವಾಲೆಯೇ ತಾಗಬೇಕಿಲ್ಲ, ಕಾವು ಸಾಕು. ಕೆಲವನ್ನು ಮಹಡಿಯಷ್ಟು ಎತ್ತರದಿಂದ ಕೆಡವಿ ಮತ್ತೆ ಬೆಂಕಿಗೆ ಹಾಕುತ್ತಾರಂತೆ. ಕಟ್ಟಡ ಕುಸಿದರೂ ಬಾಗಿಲು ಬಿಚ್ಚಿಕೊಳ್ಳಬಾರದಲ್ಲ. ನಿಮ್ಮ ಬೀರುವನ್ನು ಒಂದು ಮೆಟ್ಟಿಲಿನಿಂದಲಾದರೂ ಕೆಡವಿದಿರಾ? ಶಾಖ ತಡೆಯುವ ಪದಾರ್ಥ ಅದರ ಗೋಡೆಯೊಳಗಿದೆಯೋ, ಇಲ್ಲಾ ಮಾಮೂಲಿ ಬೀರುವಿಗೆ ಅಗ್ನಿನಿರೋಧಕವೆಂಬ ಕೆಂಪು ಚೀಟಿ ಅಂಟಿಸಿದ್ದಾರೋ ನೋಡಿದಿರಾ? ಹುಲ್ಲಿನ ಉರಿಗೇ ಹಣ್ಣು ಬೇಯಿಸಿದ ಪೆಟ್ಟಿಗೆ, ಗಂಟೆಗಟ್ಟಲೆ ಉರಿಯುವ ಕಟ್ಟಡದಲ್ಲಿ ಕಾಗದ ಉಳಿಸೀತೇ? ಮಂಗಳಾರತಿ ಎತ್ತಿದ ಮಾತ್ರಕ್ಕೆ ಬೆಂಕಿ ರಿಯಾಯಿತಿ ಕೊಡುವುದಿಲ್ಲ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪಕ್ಕದವರು ಒಲೆ ಹಚ್ಚಿದರೂ ಎದ್ದು ನಿಲ್ಲುತ್ತೇನೆ. "ಒಸಿ ಸುಮ್ಕೆ ಕೂತ್ಕಳಿ" ಎನ್ನುವ ಕೆಂಚಮ್ಮ ತಾನೇ ಬಾಗಿಲಿಗೂ ಜಗಲಿಗೂ ಓಡಾಡುತ್ತಾಳೆ. ಹೋದ ವರ್ಷ ವೈರು ಸುಟ್ಟು ನಿಮ್ಮ ಕೊಠಡಿಯ ಒಂದು ಮೂಲೆ ಬೂದಿಯಾಗಿತ್ತಲ್ಲ, ಮಿಕ್ಕ ವೈರು ಇನ್ನೂ ಹಾಗೇ ನೇತಾಡುತ್ತಿದೆ. ಹೀಗಿರುವಾಗ ನೆಮ್ಮದಿ ಎಲ್ಲಿಂದ ತರೋಣ?

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಬೀರುಗಳಲ್ಲಿ ಒಂದನ್ನು ಸರಿಯಾದ ಪರೀಕ್ಷಾಲಯಕ್ಕೆ ಕಳಿಸಿ, ವರದಿಯನ್ನು ಎಲ್ಲರೂ ಓದುವ ಹಾಗೆ ಕಚೇರಿ ಬಾಗಿಲಿಗೆ ಅಂಟಿಸಿ. ಅಲ್ಲಿಯತನಕ ಕಡತಗಳನ್ನು ಬೀರುವಿಗೆ ಹಾಕದೆ ವೈರು ಬದಲಿಸಿ, ಅಸಲು ಕಾಗದಗಳನ್ನು ಸ್ಕ್ಯಾನ್ ಮಾಡಿಸಿ. ಆಗದಿದ್ದರೆ ಸೋಮವಾರ ಕೆಂಚಮ್ಮ ದಾಖಲೆ ಕೊಠಡಿಯ ಹೊಸ್ತಿಲ ಮೇಲೆ ಕೂರುತ್ತಾಳೆ. ಕಡತ ಸಾಗಿಸುವವರು ಅವಳನ್ನು ದಾಟಿಕೊಂಡೇ ಹೋಗಬೇಕು. "ನಾ ಬದ್ಕಿರೋಗಂಟ ನನ್ ಪಾಲು ಬೇಯಕ್ಕೆ ಬುಡಕಿಲ್ಲ" ಎಂದಿದ್ದಾಳೆ. ಬೇಡವೆನ್ನಲು ನನ್ನಲ್ಲಿ ಒಂದು ಕಾರಣವೂ ಇಲ್ಲ. ನಿಮ್ಮಲ್ಲಿದ್ದರೆ ಅವಳಿಗೇ ಹೇಳಿ.

ಇಂತಿ,
ಅವಳ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳಲಿರುವ
ಬೋರಲಿಂಗಯ್ಯ, ಕೋಡಿಹಳ್ಳಿ