ನಡುವಿನಿಂದ ಎಳೆದ ಎಲೆ

ಹುಣಸೂರು,
ಹೊಗೆಸೊಪ್ಪಿನ ಹರಾಜು ಮುಗಿದ ವಾರ

ಮಗಳಂಥ ಡಾಕ್ಟರಮ್ಮ ಮಧುಶ್ರೀಗೆ,

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ. ನಿನ್ನ ಪತ್ರಿಕೆಗೆ ಇಲ್ಲಿಯವರೆಗೆ ಆದದ್ದು: ಚುಂಚನಕಟ್ಟೆ ನಾಲೆ ಕೆಳಗಿರುವ ನನ್ನ ಗದ್ದೆಯ ಎರಡು ವರ್ಷದ ಭತ್ತ; ನಿನಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥೆಯ ಕುರ್ಚಿ; ನಿಮ್ಮಪ್ಪ ಚಿಕ್ಕಬಸಪ್ಪನಿಗೂ ನನಗೂ ಇದ್ದ ಮಾತುಕತೆ; ಎಚ್.ಡಿ. ಕೋಟೆಯ ಕಾಡಂಚಿನ ದಾರಿಯಲ್ಲಿ ಮುರಿದ ನನ್ನ ಕಾರಿನ ಆಕ್ಸಲ್. ಕೈಗೆ ಬಂದದ್ದು ಅದರ ಮೊದಲ ಸಂಚಿಕೆ, ಏಷ್ಯಾದ ಹೃದಯ ಶಸ್ತ್ರಚಿಕಿತ್ಸಕರಿಗೆಂದು ಅಚ್ಚಾದ ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕ. ನನಗೆ ಇಂಗ್ಲಿಷ್ ಓದಲು ಬಾರದು. ಸೊಸೆ ಓದಿ ಹೇಳಿದಳು.

ನಿನ್ನೆ ನಿಮ್ಮಪ್ಪ ಮುನಿಸು ಬಿಟ್ಟು ಭೇರ್ಯದಿಂದ ಬಂದಿದ್ದ. ಕಾಫಿ ಲೋಟ ಕೆಳಗಿಡುವ ಮೊದಲೇ, "ಎರಡ್ನೇ ಸಂಚಿಕೆ ತರಲ್ವಂತೆ ಕಣ್ಲಾ ಅವಳು. ಈಗ್ಲಾದ್ರೂ ಸಮಾಧಾನ ಆಯ್ತಾ ನಿಂಗೆ?" ಅಂದ. ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀನು "ಮಾತ್ರೆ ತಗೊಂಡ್ರಾ ಮಾವ?" ಎಂದು ಮಾತು ತಿರುಗಿಸುತ್ತೀಯ. ಕಾಗದದ ಮುಂದೆ ನಿನ್ನ ಆ ಆಟ ನಡೆಯುವುದಿಲ್ಲ.

ನೀನು ನನ್ನ ಎದೆ ತೆರೆದು ಮುಚ್ಚಿದ ಮೇಲೆ ತಪಾಸಣೆಗೆಂದು ಮೈಸೂರಿಗೆ ಬರುತ್ತಿದ್ದೆನಲ್ಲ, ಆ ದಿನಗಳಲ್ಲಿ ಮೊದಲ ಸಲ ಈ ವಿಷಯ ಕೇಳಿದ್ದು. ಗಂಟಲು ಜ್ವರದಿಂದ ಹೃದಯದ ಕವಾಟ ಕೆಟ್ಟ ಹುಡುಗ ಹುಡುಗಿಯರು ನಿನ್ನ ಬಾಗಿಲಿಗೆ ದಿನವೂ ಬರುತ್ತಾರೆ, ಕೊಲಂಬೊ, ಢಾಕಾ, ಕಠ್ಮಂಡುಗಳಲ್ಲೂ ಅದೇ ಕತೆ, ಆದರೆ ಅವರ ಬಗ್ಗೆ ಬರೆದು ಹೊರದೇಶದ ದೊಡ್ಡ ಪತ್ರಿಕೆಗೆ ಕಳಿಸಿದರೆ 'ನಮ್ಮ ಓದುಗರಿಗೆ ಇದು ಬೇಕಿಲ್ಲ' ಎಂದು ವಾಪಸು ಬರುತ್ತದೆ ಎಂದು ನೀನು ಹೇಳಿದೆ. "ನಮ್ಮದೇ ಒಂದು ಬೇಕು ಮಾವ."

ಚಿಕ್ಕಂದಿನಲ್ಲಿ ಹೊಗೆಸೊಪ್ಪಿನ ಕಟ್ಟು, ಆ ಬೇಲ್‌ಗಳನ್ನು ಹೊತ್ತು ಕೂಲಿ ಮಾಡಿ, ಆಮೇಲೆ ಬೇಲ್ ಕೊಂಡು ಮನೆ ಕಟ್ಟಿದವನು ನಾನು. ಶುರುವಿಗೆ ಏನು ಬೇಕೋ ನಾನು ಕೊಡುತ್ತೇನೆ ಎಂದೆ. ನೀನು ನಕ್ಕು, "ಹೊಗೆಸೊಪ್ಪಿನ ದುಡ್ಡಲ್ಲಿ ಹೃದಯದ ಪತ್ರಿಕೆನಾ?" ಎಂದೆ. ನನಗೆ ಸಿಟ್ಟು ಬಂತು. "ನನ್ನ ಎದೆ ಕುಯ್ದಾಗ ಬಿಲ್ ಕಟ್ಟಿದ್ದು ಯಾವ ದುಡ್ಡವ್ವ?" ಎಂದು ಕೇಳಿಯೇ ಬಿಟ್ಟೆ. "ಅದು ನಿಮ್ಮೊಬ್ಬರ ಎದೆ ಮಾವ. ಇದು ಊರೋರ ಎದೆ." ನಾನು ಎದ್ದೆ. ಬಾಗಿಲವರೆಗೆ ಹೋದವನು ತಿರುಗಿ, "ಭತ್ತದ ದುಡ್ಡು ಆಯ್ತದಾ?" ಎಂದೆ. "ಭತ್ತದ್ದು ಆಗುತ್ತೆ. ಆದರೆ ಹೊಗೆಸೊಪ್ಪಿನ ವ್ಯಾಪಾರಿ ಹೆಸರು ಪತ್ರಿಕೆಯಲ್ಲಿ ಹಾಕಲ್ಲ." ಇಂಥ ಚೌಕಾಸಿ ಮಾಡುವವಳು ಸೊಪ್ಪಿನ ವ್ಯಾಪಾರಕ್ಕೆ ಬಂದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಆಮೇಲೆ ಕೊಲಂಬೊ, ಢಾಕಾ, ಕಠ್ಮಂಡುಗಳ ಮೂವರು ಡಾಕ್ಟರುಗಳನ್ನು ಹುಣಸೂರಿಗೆ ಕರೆತಂದೆಯಲ್ಲ. ಮೈಸೂರಿನ ಸಮ್ಮೇಳನ ಮುಗಿಸಿ, ಪತ್ರಿಕೆಗೆ ನಿಯಮ ಬರೆಯಲು ಬಂದವರು. ನಾನು ಅವರಿಗೆ ಹರಾಜಿನ ಅಂಗಳ ತೋರಿಸಿದೆ. ಸಾಲಾಗಿಟ್ಟ ಬೇಲ್‌ಗಳ ಮುಂದೆ ನಡೆಯುತ್ತ ನಾನು ಎಂದಿನಂತೆ ಒಂದರ ಹೊಟ್ಟೆಗೆ ಕೈ ತೂರಿಸಿ ನಡುವಿನಿಂದ ಹಿಡಿ ಎಲೆ ಎಳೆದೆ. ಮೇಲೆ ನಿಂಬೆ ಹಣ್ಣಿನ ಬಣ್ಣದ ಎಲೆ, ಒಳಗೆ ಕಂದು ಮಚ್ಚೆ. ಬೇಲ್ ತಂದಿದ್ದ ಪಿರಿಯಾಪಟ್ಟಣದ ರೈತ, "ನೀವು ಎಣ್ಣು ನೋಡಕ್ಕೆ ಓದ್ರೂ ಅಡುಗೆಮನೆಗೇ ನುಗ್ತೀರಾ ಬುಡಿ" ಎಂದು ಗೊಣಗಿದ. ಕಠ್ಮಂಡುವಿನ ಡಾಕ್ಟರು ಯಾಕೆ ಹೀಗೆ ಎಂದು ಕೇಳಿದರು. "ಮೇಲಿರೋದು ತೋರ್ಸಕ್ಕೆ ಸ್ವಾಮಿ. ಬೆಲೆ ಕಟ್ಟೋದು ಒಳಗಿರೋದಕ್ಕೆ." ನೀನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ.

ಅಂದು ನಮ್ಮ ಪಡಸಾಲೆಯಲ್ಲಿ ಅಕ್ಕಿ ರೊಟ್ಟಿ ತಿನ್ನುತ್ತ ಬರೆದ ಮೊದಲ ನಿಯಮ ಅದೇ. ಬರೆಯುವ ಡಾಕ್ಟರು ವರ್ಷದ ಎಲ್ಲ ಆಪರೇಷನ್ನುಗಳನ್ನೂ ಮುಂದಿಡಬೇಕು. ಬೇರೆಯವರು ಅದರ ನಡುವಿನಿಂದ ಒಂದನ್ನು ಎಳೆಯಬೇಕು. ಉಳಿದವರಾಗಲಿ, ಹೋದವರಾಗಲಿ, ಆ ಒಬ್ಬರ ಕತೆಯನ್ನು ಪೂರ್ತಿ ಅಚ್ಚು ಹಾಕಬೇಕು. ಸಂಪಾದಕಿ ನೀನಾದ್ದರಿಂದ ಮೊದಲು ನಿನ್ನ ಕಟ್ಟನ್ನೇ ಬಿಚ್ಚಿದರು. ಕೈಗೆ ಸಿಕ್ಕಿದ್ದು ಸೋಮಿ.

ಎಚ್.ಡಿ. ಕೋಟೆಯ ಕಾಡಂಚಿನ ಗಿರಿಜನರ ಹಾಡಿಯ ಹುಡುಗಿ. ನೀನು ಹಾಕಿದ ಕವಾಟ ಚೆನ್ನಾಗಿಯೇ ಕೂತಿತ್ತು. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನುಂಗಬೇಕು, ಮಾತ್ರೆಯ ಅಳತೆ ಸರಿಯಿದೆಯೇ ಎಂದು ತಿಂಗಳು ತಿಂಗಳೂ ರಕ್ತ ಪರೀಕ್ಷೆ ಆಗಬೇಕು. ಅದು ಆಗಲಿಲ್ಲ. ಒಂದು ವರ್ಷ ತುಂಬುವ ಮೊದಲೇ ಹುಡುಗಿ ಹೋದಳು. ಆಸ್ಪತ್ರೆಯ ದೊಡ್ಡವರು, ಇದನ್ನು ಅಚ್ಚು ಹಾಕಿದರೆ ಮುಖ್ಯಸ್ಥೆಯ ಕುರ್ಚಿ ಮರೆತುಬಿಡಿ ಎಂದರು. ನಿಮ್ಮಪ್ಪ ಬೇಡವೆಂದ. ನಾನೂ ಬೇಡವೆಂದೆ, ಅಂಗಡಿ ತೆರೆಯುವ ದಿನವೇ ಒಡೆದ ಮಾಲು ಮುಂದಿಡುತ್ತಾರೆಯೇ? "ಒಳಗೆ ಕೈ ಹಾಕೋದು ಕಲಿಸಿದ್ದು ನೀವೇ ಅಲ್ವಾ ಮಾವ" ಎಂದೆ ನೀನು.

ಹಾಗಾಗಿ ಅವಳ ಅಪ್ಪ ಜೋಗಯ್ಯನ ಒಪ್ಪಿಗೆ ಕೇಳಲು ಹೊರಟೆವು. ಅವನು ಬೈಯುತ್ತಾನೆಂದು ನಾನು ಸಿದ್ಧನಾಗಿಯೇ ಹೋಗಿದ್ದೆ. ಅವನು ಚಾಪೆ ಹಾಸಿ, "ಬನ್ನಿ ಡಾಕ್ಟ್ರವ್ವ, ಕೂತ್ಕಳಿ" ಎಂದ. ನೀನು ತಲೆ ಎತ್ತಲಿಲ್ಲ. ಅವನೇ ಹೇಳಿದ: "ಕಾಫಿ ಕುಯ್ಯಕ್ಕೆ ಕೊಡಗ್ಗೆ ಓಗಿದ್ದೋ. ಅಲ್ಲಿ ರಕ್ತ ನೋಡೋರು ಯಾರು? ಒಂದಿನ ಕೂಲಿ ಬುಟ್ಟು ಬಸ್ಸಿಗೆ ಕಾದೋ, ಬಸ್ಸು ಬರ್ನಿಲ್ಲ. ನಿಮ್ ಕೈಯಿಂದೇನೂ ಆಗ್ನಿಲ್ಲ."

ನೀನು ಪತ್ರಿಕೆಯ ವಿಷಯ ಬಿಡಿಸಿ ಹೇಳಿದೆ. ರೋಗಿಗಳ ಹೆಸರು ಹಾಕುವ ಪದ್ಧತಿ ಇಲ್ಲ, ಅವರಿಗೆ ಕೆಟ್ಟದಾಗಬಾರದು ಎಂದೆ. "ಅವಳ್ಗೆ ಇನ್ನೇನು ಕೆಟ್ಟದಾದದು ಡಾಕ್ಟ್ರವ್ವ?" ಎಂದ ಜೋಗಯ್ಯ. "ಎಸ್ರಿಲ್ದಿದ್ರೆ ಯಾರ ಮಗಳು ಅಂತ ಎಂಗೆ ಗೊತ್ತಾದದು?" ನೀನು, ಲೇಖನದ ಕೊನೆಗೆ ಅವನ ಹೆಸರನ್ನು ಹಾಕುತ್ತೇನೆ, ಮಗಳ ಕತೆ ಕೊಟ್ಟ ತಂದೆಗೆ ಋಣಿ ಎಂದು ಬರೆಯುತ್ತೇನೆ ಎಂದೆ. ಅವನು ತಲೆಯಾಡಿಸಿದ. ಹೊರಡುವಾಗ ಚಿಕ್ಕ ಮಗಳು ಸವಿತಾ ಕುಂಟುತ್ತ ನೀರು ತಂದಳು. ಮಂಡಿ ಊತ. ನೀನು ನೀರಿನ ಚೊಂಬು ಪಕ್ಕಕ್ಕಿಟ್ಟು ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಅಕ್ಕನಿಗೆ ಬಂದದ್ದೇ, ಗಂಟಲಿನಿಂದ ಕೀಲಿಗಿಳಿಯುವ ಆ ಜ್ವರ; ಆದರೆ ಕವಾಟ ಇನ್ನೂ ಕೆಟ್ಟಿರಲಿಲ್ಲ. ಆಕ್ಸಲ್ ಮುರಿದದ್ದು ವಾಪಸು ಬರುವಾಗ. ಇಬ್ಬರೂ ದಾರಿಯಲ್ಲಿ ನಿಂತಿದ್ದಾಗ ನೀನು ಅತ್ತದ್ದನ್ನು ನಾನು ನೋಡಲಿಲ್ಲ; ಟೈರು ನೋಡುತ್ತಿದ್ದೆ ಎಂದೇ ಇಟ್ಟುಕೋ.

ಸಂಚಿಕೆ ಬಂತು, ಕುರ್ಚಿ ಹೋಯಿತು. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ ಕಣವ್ವ. ನಿನಗಿಂತ ಚಿಕ್ಕವನೊಬ್ಬನ ಮುಂದೆ ರಜೆಗೆ ಸಹಿ ಕೇಳಿ ನಿಲ್ಲುವುದು ಸುಲಭವಲ್ಲ. ಆದರೂ ಲೆಕ್ಕ ಮುಚ್ಚುವ ಮೊದಲು ಜಮೆಯ ಕಡೆಯನ್ನೂ ನೋಡಬೇಕು.

ಢಾಕಾದವರಿಗೆ ದಕ್ಕಿದ್ದು: ನಿನ್ನ ಲೇಖನ ಓದಿ, ಬೆರಳು ಚುಚ್ಚಿ ರಕ್ತ ನೋಡುವ ಯಂತ್ರ ಕೊಟ್ಟು ನರ್ಸನ್ನು ದೋಣಿಯಲ್ಲಿ ಹಳ್ಳಿಗಳಿಗೆ ಕಳಿಸುತ್ತಿದ್ದಾರೆ. ಆ ಪತ್ರವನ್ನು ನನಗೆ ಕಳಿಸಿದವಳು ನೀನೇ, ಮರೆತಿರಬಹುದು.
ಜೋಗಯ್ಯನಿಗೆ: ತನ್ನ ಹೆಸರಿರುವ ಹಾಳೆ. ಓದಲು ಬಾರದಿದ್ದರೂ ಯಾವ ಸಾಲೆಂದು ಬೆರಳಿಟ್ಟು ತೋರಿಸುತ್ತಾನೆ.
ಸವಿತಾಗೆ: ಕವಾಟ ಕೆಡದಂತೆ ಮೂರು ವಾರಕ್ಕೊಂದು ಸೂಜಿ. ನರ್ಸಮ್ಮನನ್ನು ಬೈದುಕೊಂಡೇ ಚುಚ್ಚಿಸಿಕೊಳ್ಳುತ್ತಾಳಂತೆ. ಕುಂಟು ಹೋಗಿದೆ.
ನಿಮ್ಮಪ್ಪನಿಗೆ: ನನ್ನನ್ನು ಬೈಯಲು ಹೊಸ ಕಾರಣ.
ನನಗೆ: ಹೆಸರಿಲ್ಲ. ಗದ್ದೆ ಮೂರನೇ ವರ್ಷಕ್ಕೂ ನಿನ್ನದೇ.
ನಿನಗೆ: ಕುರ್ಚಿ ಇಲ್ಲ, ನಾಲ್ಕು ದೇಶದವರ ನಂಬಿಕೆ ಇದೆ.
ಸೋಮಿಗೆ: ಏನೂ ಇಲ್ಲ. ಅವಳ ಸಾಲು ಖಾಲಿಯೇ ಇದೆ, ಇನ್ನು ಯಾರೂ ಅದನ್ನು ತುಂಬಲಾರರು. ಆ ಖಾಲಿ ಸಾಲಿನ ಕೆಳಗೆ ಇನ್ನೊಂದು ಹುಡುಗಿಯ ಹೆಸರು ಸೇರದಿರಲಿ ಎಂದೇ ಎರಡನೆಯ ಸಂಚಿಕೆ ಬೇಕು.

ಶಿವ ನಿನ್ನ ಕೈ ನಡುಗದಂತೆ ನೋಡಿಕೊಳ್ಳಲಿ. ಮಾತ್ರೆ ತಗೊಂಡಿದ್ದೇನೆ.

ನಿನ್ನ ಕೈಯಲ್ಲಿ ಒಮ್ಮೆ ಎದೆ ಕೊಟ್ಟವನು,
ಗುರುಮಲ್ಲಪ್ಪ ಮಾವ