ಹತ್ತೊಂಬತ್ತು ದಿನದ ಮಳೆ

ಜೂನ್ 9, ಬೆಳಿಗ್ಗೆ 8.45

ಇವತ್ತಿನ ಮಳೆ 3.4 ಮಿಲಿಮೀಟರ್, ತಾತನ ಮಾತಲ್ಲಿ 3.4 ಮಿಲಿ. ಅಳೆದು ಬರೆದದ್ದು.

ಅಳೆಯದೆ ಬರೆದದ್ದೂ ಇದೆ. ಆರು ವರ್ಷದಿಂದ ಯಾರಿಗೂ ಹೇಳಿಲ್ಲ. ಇಲ್ಲಿಯಾದರೂ ಬರೆದಿಡೋಣ — ತಾತನ ಮಳೆ ಪುಸ್ತಕದಲ್ಲಿ ಒಂದು ಜುಲೈನ ಹತ್ತೊಂಬತ್ತು ದಿನ ಸುಳ್ಳು. ನಾನು ಹುಟ್ಟಿಸಿದ ಮಳೆ.

ಆಗ ಎಂಟನೇ ಕ್ಲಾಸು. ತಾತನಿಗೆ ಮೈಸೂರಿನಲ್ಲಿ ಕಣ್ಣಿನ ಆಪರೇಷನ್. ಆಮೇಲೆ ಬಾಬುರಾಯನಕೊಪ್ಪಲಿನ ಅತ್ತೆ ಮನೆಯಲ್ಲಿ ಹತ್ತೊಂಬತ್ತು ದಿನ, ಕಪ್ಪು ಕನ್ನಡಕ ಹಾಕಿಕೊಂಡು. ಹೋಗುವ ಮುಂಚೆ ಮಳೆನೀರಿನ ಅಳತೆ ಗ್ಲಾಸನ್ನು ನನ್ನ ಕೈಗೆ ಕೊಟ್ಟು ಅಂದಿದ್ದ: "ಎಂಟೂವರೆ ಅಂದ್ರೆ ಎಂಟೂವರೆ ಕಣವ್ವ. ಕಣ್ಣಲ್ಲಿ ಕಂಡಿದ್ದ ಬರಿ. ಕಾಣದ್ದ ಬರೀಬ್ಯಾಡ."

ಮೊದಲನೇ ದಿನವೇ ಗ್ಲಾಸು ಕೈ ಜಾರಿತು. ಬಚ್ಚಲ ಕಲ್ಲಿನ ಮೇಲೆ ನಾಲ್ಕು ಚೂರು. ಹೇಳೋಕೆ ಹೆದರಿಕೆ, ಚೂರು ಬಚ್ಚಿಟ್ಟೆ. ಅಡುಗೆ ಮನೆಯಲ್ಲಿ ಕೂತು ದಿನಾ ಒಂದೊಂದು ಅಂಕಿ ಬರೆದೆ. ತಾತ ಬಂದ ದಿನ — ಈಗ ತಾನೆ ಬೆಕ್ಕು ಬೀಳಿಸ್ತು ಅಂದೆ. ಅಜ್ಜಿ ಪೊರಕೆ ತಗೊಂಡು ಬೆಕ್ಕಿಗೆ ಬಾರಿಸಿದಳು.

ಪಾಪದ ಬೆಕ್ಕು.

ಜೂನ್ 10

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಚೈತ್ರ ಮೇಡಂ ಪುಸ್ತಕ ಕೇಳಿದ್ದಾರೆ. ಮೈಸೂರಿನಲ್ಲಿ ಪಿಎಚ್‌ಡಿ ಮಾಡ್ತಿರೋರು. ಕರಾವಳಿಯಲ್ಲಿ ಮಳೆ ಯಾವ ವರ್ಷ ಹೇಗೆ ಬಂತು, ಘಟ್ಟ ಹತ್ತಿ ಈಚೆಗೆ ಎಷ್ಟು ಬಂತು ಅನ್ನೋದೇ ಅವರ ವಿಷಯ. ಕುಂದಾಪುರದ ಹತ್ತಿರ ಗಂಗೊಳ್ಳಿಯಲ್ಲಿರೋ ತಾತನ ಗೆಳೆಯ, ಖಾರ್ವಿ ತಾತನ ಪುಸ್ತಕ ನೋಡೋಕೆ ಹೋಗಿದ್ದರಂತೆ. "ಇದಕ್ಕೆ ಜೋಡಿ ಪುಸ್ತಕ ಬೂಕನಕೆರೆ ಬೋರಯ್ಯನ ಹತ್ರ ಇದೆ" ಅಂತ ಅವರೇ ನಮ್ಮ ಮನೆಗೆ ಕಳಿಸಿದ್ದು.

ಖಾರ್ವಿ ತಾತ ಅಲ್ಲಿನ ಶಾಲೆಯಲ್ಲಿ ಜವಾನ ಆಗಿದ್ದವರು. ಶಾಲೆ ಅಂಗಳದ ಮಳೆ ಅಳೆಯೋ ಡಬ್ಬಿ ಅವರದೇ ಉಸ್ತುವಾರಿ, ರಿಟೈರ್ ಆದ ಮೇಲೂ. ನಮ್ಮ ತಾತ ಆಗ ಲಾರಿ ಡ್ರೈವರ್. ಪಾಂಡವಪುರದ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಹೋಗಿ ಗಂಗೊಳ್ಳಿಯಲ್ಲಿ ಇಳಿಸೋದು, ಒಣಮೀನು ತುಂಬಿಕೊಂಡು ಬರೋದು. ಒಂದು ಸಲ ಅಲ್ಲಿ ಜಡಿಮಳೆ. ಊರಿಗೆ ಬಂದು ಮೂರನೇ ದಿನ ಇಲ್ಲೂ ಮಳೆ. ಮುಂದಿನ ಸಲವೂ ಹಾಗೇ. "ಮಳೆ ನನ್ ಲಾರಿ ಹಿಂದೇನೆ ಬತ್ತದೆ ಕಣೆ" ಅಂತ ಅಜ್ಜಿಗೆ ಹೇಳಿದ್ದನಂತೆ. "ಮೀನಿನ ವಾಸನೆಗೆ ಬತ್ತದೆ" ಅಂದಳಂತೆ ಅಜ್ಜಿ.

ಅಲ್ಲಿಂದ ತಾತನ ಲೆಕ್ಕ ಶುರು. ಗಂಗೊಳ್ಳಿಯ ಮಳೆಯಲ್ಲಿ ಹತ್ತರಲ್ಲೊಂದು ಪಾಲು, ಮೂರನೇ ದಿನಕ್ಕೆ ಬೂಕನಕೆರೆಗೆ. ಹಿತ್ತಲಲ್ಲಿ ತೆಂಗಿನ ನೆರಳು ಬೀಳದ ಜಾಗ ಹುಡುಕಿ ಡಬ್ಬಿ ಇಟ್ಟ. ಬೆಳಿಗ್ಗೆ ಎಂಟೂವರೆಗೆ ಅಳೆಯೋದು, ಖಾರ್ವಿ ತಾತನಿಗೆ ಫೋನ್, ಎರಡೂ ಅಂಕಿ ಪಕ್ಕಪಕ್ಕ. ಮೂವತ್ತೊಂದು ವರ್ಷ. ಡೈರಿ ಹತ್ತಿರ ಎಲ್ಲರೂ ಅವನನ್ನು ಕರೆಯೋದೇ ಮಿಲಿ ಬೋರಯ್ಯ ಅಂತ.

ಇವತ್ತು ಮೇಡಂ ಪ್ರತಿ ಪುಟದ ಫೋಟೋ ತೆಗೆದರು. ತಾತ ಇಸ್ತ್ರಿ ಷರಟು ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ, ಮಗುವಿಗೆ ಇಂಜೆಕ್ಷನ್ ಕೊಡಿಸೋರ ಥರ. ಆ ಜುಲೈ ಪುಟ ಬಂದಾಗ ನಾನು ಕಾಫಿ ತರ್ತೀನಿ ಅಂತ ಎದ್ದುಹೋದೆ.

ಮಳೆ 0. ಇವತ್ತಿನದು ಬರೆಯೋಕೆ ಮರೆತಿದ್ದೆ.

ಜೂನ್ 14

0.8 ಮಿಲಿ.

ಕೆಲಸ ಹುಡುಕು ಅಂತ ಅಜ್ಜಿಯ ರಾಗ. ಫಸ್ಟ್ ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ನಾಗಮಂಗಲದ ಮೊಬೈಲ್ ಅಂಗಡಿ ಇಪ್ಪತ್ತು ದಿನ, ಶ್ರೀರಂಗಪಟ್ಟಣದ ಹತ್ತಿರ ಗಾರ್ಮೆಂಟ್ಸ್ ಇಪ್ಪತ್ತಾರು ದಿನ, ನರ್ಸರಿ ಹನ್ನೊಂದು. ಎಲ್ಲೂ ಕಾಲು ನಿಲ್ಲಲ್ಲ. ಕೂತರೆ ಎದ್ದು ಹೋಗಬೇಕು ಅನ್ನಿಸುತ್ತೆ. ಗಾರ್ಮೆಂಟ್ಸ್‌ ಮಾತ್ರ ಬೇರೆ ಕಾರಣಕ್ಕೆ ಬಿಟ್ಟೆ. ನೋಡದೇ ಇರೋ ಷರಟಿಗೂ ಚೆಕ್ ಆಗಿದೆ ಅಂತ ಟಿಕ್ ಹಾಕು ಅಂದರು. ಕೈ ಬರಲಿಲ್ಲ. ಸೂಪರ್‌ವೈಸರ್‌ಗೆ ನೋಡಿಲ್ಲ ಅಂತಲೇ ಹೇಳಿದೆ. ಮನೆಯಲ್ಲಿ ಹೊಗಳಿದ್ದು ತಾತ ಒಬ್ಬನೇ.

"ನಮ್ ಪುಸ್ತಕ ಬರ್ದ ಕೈ ಅದು."

ಅವತ್ತು ಅನ್ನ ಸೇರಲಿಲ್ಲ.

ಜೂನ್ 22

ಮೇಡಂ ಫೋನ್. ತಾತ ಸ್ಪೀಕರ್ ಹಾಕಿಸಿದ.

"ತಾತ, ಮೂವತ್ತೊಂದು ವರ್ಷದಲ್ಲಿ ಒಂದು ತಿಂಗಳು ಆಶ್ಚರ್ಯ ಆಗೋ ಥರ ಹೊಂದುತ್ತೆ. ಗ್ರಾಫ್‌ನಲ್ಲಿ ಗಂಗೊಳ್ಳಿ ಗೆರೆ ಮೇಲೆ, ನಿಮ್ಮ ಗೆರೆ ಕೆಳಗೆ, ಮೂರು ದಿನ ಬಿಟ್ಟು ಒಂದೇ ಏರಿಳಿತ. ಮಿಕ್ಕ ವರ್ಷಗಳಲ್ಲಿ ಇಷ್ಟು ಚೆನ್ನಾಗಿ ಕಾಣ್ತಿಲ್ಲ. ಈ ತಿಂಗಳನ್ನೇ ಮುಂದಿಟ್ಟುಕೊಂಡು ಮುಂದಿನ ತಿಂಗಳು ಮೈಸೂರಿನಲ್ಲಿ ಮಾತಾಡ್ತೀನಿ. ನಿಮ್ಮ ಹೆಸರು ಹೇಳ್ತೀನಿ. ನೀವೂ ಬರಬೇಕು."

ಯಾವ ತಿಂಗಳು ಅಂತ ಕೇಳೋ ಅಗತ್ಯ ಇರಲಿಲ್ಲ.

ಹೊಂದದೆ ಏನು? ತಾತನ ಲೆಕ್ಕದಿಂದಲೇ ತಾನೆ ನಾನು ಬರೆದದ್ದು! ಅಂಕಿ ಹುಟ್ಟಿಸೋಕೆ ಗೊತ್ತಿದ್ದ ದಾರಿ ಅದೊಂದೇ. ಖಾರ್ವಿ ತಾತ ಫೋನಿನಲ್ಲಿ ಹೇಳಿದ ಅಂಕಿ, ಅದರಲ್ಲಿ ಹತ್ತರಲ್ಲೊಂದು, ಮೂರು ದಿನ ಬಿಟ್ಟು. ಅನುಮಾನ ಬರಬಾರದು ಅಂತ ಅಲ್ಲಲ್ಲಿ ಒಂಚೂರು ಹೆಚ್ಚು, ಒಂಚೂರು ಕಡಿಮೆ.

ತಾತ ಫೋನ್ ಇಟ್ಟು ಹಿತ್ತಲಿಗೆ ಹೋದ. ಡಬ್ಬಿ ಮೇಲೆ ಕೂತಿದ್ದ ಎಲೆ ತೆಗೆದ. ಸುಮ್ಮನೆ ಡಬ್ಬಿಯನ್ನೇ ಸವರುತ್ತಾ ನಿಂತ.

ಜೂನ್ 24

ಬೆಳಿಗ್ಗೆ ತಾತನ ಜೊತೆ ಡೈರಿಗೆ ಹೋದೆ. ಎದುರುಮನೆ ಸಿದ್ದರಾಜಣ್ಣ ಕ್ಯಾನ್ ಇಳಿಸಿ, "ಏನ್ ಬೋರಣ್ಣ, ಮೈಸೂರ್ನಲ್ಲಿ ಭಾಸಣವಂತೆ? ಶಾಲು-ಗೀಲು ಹೊದಿಸ್ತಾರಾ?" ಅಂದ.

"ಮಳೇಗೆ ಹೊದಿಸ್ಲಿ, ನಂಗ್ಯಾಕ್ಲಾ" ಅಂದ ತಾತ. ಆದರೆ ನಗು ತಡೆಯೋಕೆ ಆಗ್ತಿರಲಿಲ್ಲ. ಮೊದಲನೇ ಸಲ ಯಾರೂ ಮಿಲಿ ಅನ್ನಲಿಲ್ಲ. ಬೋರಣ್ಣ ಅಂದರು.

ಹೇಳದೇ ಇದ್ದರೆ? ಯಾರಿಗೂ ಗೊತ್ತಾಗಲ್ಲ. ಬೆಕ್ಕೂ ಸತ್ತು ಮೂರು ವರ್ಷ ಆಯ್ತು.

ಜೂನ್ 25

ಹೇಳೋಕೆ ಹೋದೆ. ತಾತ ಮೈಸೂರಿಗೆ ಹಾಕಿಕೊಂಡು ಹೋಗೋ ಪಂಚೆಗೆ ನೀಲಿ ಹಾಕುತ್ತಿದ್ದ. ಹೇಳಲಿಲ್ಲ... ಬಕೆಟ್ ಎತ್ತಿಕೊಟ್ಟೆ.

ಜೂನ್ 26, ಬೆಳಿಗ್ಗೆ 9

ಹೇಳಿದೆ.

ತಾತ ಡಬ್ಬಿ ಬಿಚ್ಚಿ, ಒಳಗಿನ ಬಾಟಲಿಯ ನೀರು ಗ್ಲಾಸಿಗೆ ಬಗ್ಗಿಸಿ, ಕಣ್ಣ ಮಟ್ಟಕ್ಕೆ ಹಿಡಿದಿದ್ದ. ನಾನು ಪುಸ್ತಕ ಹಿಡಿದು ನಿಂತಿದ್ದೆ.

"ತಾತ, ಆ ಜುಲೈ ನಾನು ಅಳೀಲಿಲ್ಲ. ಗ್ಲಾಸು ಮೊದಲ್ನೇ ದಿನಾನೇ ಒಡೆದೋಗಿತ್ತು. ನಿನ್ನ ಲೆಕ್ಕ ಹಾಕಿ ಬರೆದೆ."

ಗ್ಲಾಸು ಇಳಿಸಲಿಲ್ಲ. ಅದರ ಹಿಂದಿನಿಂದಲೇ ಕೇಳಿದ.

"ಎಷ್ಟು ದಿನ?"

"ಹತ್ತೊಂಬತ್ತೂ."

"ಬೆಕ್ಕು?"

"ಬೆಕ್ಕಲ್ಲ. ನಾನೇ."

"ಸುಮ್ಸುಮ್ನೆ ಹೊಡುದ್ಲಲ್ಲ ನಿಮ್ಮಜ್ಜಿ ಅದ್ಕೆ."

ಗ್ಲಾಸಿನ ಗೆರೆ ಕಾಣದೆ ಕಣ್ಣು ಕಿರಿದು ಮಾಡಿ ಇನ್ನೊಂದು ಸಲ ನೋಡಿದ. ಆಮೇಲೆ, "ಆರು ಪಾಯಿಂಟ್ ಎರಡು. ಬರ್ಕ" ಅಂದ. ನೀರು ಚೆಲ್ಲಿ, ಗ್ಲಾಸು ನನ್ನ ಕೈಗೆ ಕೊಟ್ಟು ಒಳಗೆ ಹೋದ.

6.2.

ಜೂನ್ 28

11.0 ಮಿಲಿ. ಒಬ್ಬಳೇ ಅಳೆದೆ. ತಾತ ಎಂಟೂವರೆಗೆ ಎದ್ದೇ ಇರಲಿಲ್ಲ. ಗಂಗೊಳ್ಳಿಗೂ ಫೋನ್ ಇಲ್ಲ, ಆ ಕಡೆಯ ಅಂಕಿ ಖಾಲಿ.

ಅಜ್ಜಿ ಒಲೆ ಮುಂದೆ ಹಿಡಿದಳು. "ಏನಂದೆ ಅವ್ರಿಗೆ? ಎರಡು ದಿನದಿಂದ ಮುದ್ದೆ ಮುರ್ಕಂಡು ಸುಮ್ನೆ ಕೂತವ್ರೆ."

ಹೇಳಿದೆ, ಎಲ್ಲ.

ಅಜ್ಜಿ ಬೈಯ್ಯಲಿಲ್ಲ. ಕೆಂಡ ಮುಂದಕ್ಕೆ ಎಳೆದಳು. "ಮೂವತ್ತು ವರ್ಸ ಆ ಡಬ್ಬಿ ಎತ್ತಿ ತಿಪ್ಪೆಗ್ ಬಿಸಾಕ್ತೀನಿ ಅಂತಿದ್ದೆ. ಒಂದಿನಾರ ಮುಟ್ಟಿದ್ನಾ? ಅದ್ನ ಅಳೀವಾಗ ಆ ಮನುಸನ್ ಮುಖ ನೋಡಿದ್ದೀಯಾ ನೀನು?"

ನೋಡಿದ್ದೇನೆ.

ಜುಲೈ 1

ಮಳೆ 2.6.

ತಾತ ತಾನಾಗಿ ಕರೆದ. ಜಗಲಿ ಮೇಲೆ ಪುಸ್ತಕ ಬಿಚ್ಚಿ ಇಟ್ಟುಕೊಂಡಿದ್ದ, ಆ ಪುಟ. ಪಕ್ಕದಲ್ಲಿ ಕೆಂಪು ಪೆನ್ನು.

"ಹೊಡೆದಾಕ್ಲಾ ತಾತ?"

"ಬ್ಯಾಡ. ಬರ್ದಿದ್ದು ಅಂಗೇ ಇರ್ಲಿ. ಪಕ್ಕದಾಗೆ ಬರಿ — ಅಳೆದಿಲ್ಲ ಅಂತ. ಕೆಳಗೆ ನಿನ್ ಸೈನು."

ಅಳೆದಿಲ್ಲ. ಅಳೆದಿಲ್ಲ. ಹತ್ತೊಂಬತ್ತು ಸಲ. ಹನ್ನೆರಡನೇದಕ್ಕೆ ಅಕ್ಷರ ಕಾಣದ ಹಾಗಾಯ್ತು. ತಾತ ಹೆಗಲ ಮೇಲಿನ ಟವೆಲ್ ಕೊಟ್ಟ. "ಪುಸ್ತಕದ್ ಮ್ಯಾಲೆ ಬೀಳಿಸ್ಬ್ಯಾಡ, ಅದ್ನೂ ಅಳೀಬೇಕಾಯ್ತದೆ."

ಮುಗಿದ ಮೇಲೆ ಅಂದ: "ಈ ಪುಟ ಆಗಾಗ ತೆಗ್ದು ನೋಡ್ತಿದ್ದೆ ಕಣವ್ವ. ಎಷ್ಟು ನೆಟ್ಟಗೆ ಬಂದದಲ್ಲ ಅಂತ ಖುಸಿ ಆಗೋದು. ಅಳ್ದಿದ್ದು ಯಾವತ್ತಾರ ಅಷ್ಟು ನೆಟ್ಟಗೆ ಬತ್ತದಾ? ಆವತ್ತೇ ಅನುಮಾನ ಬರ್ಬೇಕಾಗಿತ್ತು ನಂಗೆ."

ಮೇಡಂಗೆ ಅವನೇ ಫೋನ್ ಮಾಡಿದ. ಆ ತಿಂಗಳು ತೆಗೆದಾಕವ್ವ, ನಮ್ ಕಡೆ ತಪ್ಪು ಅಂದ. ನನ್ನ ಹೆಸರು ಹೇಳಲಿಲ್ಲ. ನಾನು ಫೋನ್ ಕಸಿದುಕೊಂಡು ಹೇಳಿದೆ. ಎಷ್ಟು ದಿನ, ಹೇಗೆ ಬರೆದೆ ಅಂತ ಮೇಡಂ ಕೇಳಿಕೊಂಡರು. ಆ ತಿಂಗಳು ತೆಗೆದರೆ ಮೂರು ದಿನಕ್ಕೆ ಮಳೆ ಇಲ್ಲಿಗೆ ಬರುತ್ತೆ ಅಂತ ಹೇಳೋಕೆ ಆಧಾರ ಸಾಲಲ್ಲ ಅಂದರು. ಥ್ಯಾಂಕ್ಸ್ ಅಂತಲೂ ಅಂದರು. ಮೈಸೂರಿನ ಭಾಷಣ ಮುಂದಕ್ಕೆ ಹೋಯ್ತು.

ಸಂಜೆ ಡೈರಿಯಲ್ಲೂ ತಾತನೇ ಹೇಳಿಬಿಟ್ಟ. ಸಿದ್ದರಾಜಣ್ಣ, "ಅಂಗಾರೆ ಮಳೆ ನಿನ್ ಲಾರಿ ಹತ್ಲೇ ಇಲ್ವಾ ಮಿಲಿಯಣ್ಣ?" ಅಂದ. ಎಲ್ಲ ನಕ್ಕರು. ತಾತ ಕ್ಯಾನ್ ತೊಳೆದುಕೊಂಡು ಬಂದ.

ಜುಲೈ 2

ಖಾರ್ವಿ ತಾತನೇ ಫೋನ್ ಮಾಡಿದರು.

"ಹ್ವಾಯ್ ಬೋರಯ್ಯ! ಎಂತ ಆಯ್ತ್ ಮಾರಾಯ, ವಾರ ಆಯ್ತ್ ಫೋನೇ ಇಲ್ಲ?"

ತಾತ ಎಲ್ಲ ಹೇಳಿದ. ಆ ಕಡೆ ಮಳೆ ಹೊಯ್ಯೋದು ಸ್ಪೀಕರ್‌ನಲ್ಲಿ ಕೇಳುತ್ತಿತ್ತು.

"ಬೋರಯ್ಯ... ನಾನೊಂದ್ ಮಾತ್ ಹೇಳ್ತೆ, ಬೈಬೇಡ. ಮಂಡಿ ನೋವ್ ಶುರು ಆದ್ಮೇಲೆ ಜೋರ್ ಮಳಿ ದಿನ ನಾನ್ ಶಾಲಿಗೆ ಹೋಪುದಿಲ್ಲ. ಜಗಲಿಲಿ ಕೂತ್ಕಂಡ್ ಅಂದಾಜ್ ಹೇಳುದ್."

"ಎಷ್ಟು ವರ್ಸದಿಂದ್ಲಾ?"

"ಎಂಟ್ ಆಯ್ತಾ ಕಾಣತ್ತ್."

ಎಂಟು! ಅಂದರೆ ನನ್ನ ಸುಳ್ಳು ಮಳೆ ಹುಟ್ಟಿದ್ದು ಅವರ ಅಂದಾಜು ಮಳೆಗೆ. ತಾತನ ಮುಖ ನೋಡೋಕೆ ಧೈರ್ಯ ಆಗಲಿಲ್ಲ. ಆಮೇಲೆ ಏನೋ ಕೆಮ್ಮಿದ ಹಾಗೆ ಕೇಳಿಸಿತು. ನೋಡಿದರೆ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರೋ ಹಾಗೆ.

"ಅಲ್ಲಿ ನೀನು ಜಗಲೀಲಿ, ಇಲ್ಲಿ ಇವ್ಳು ಅಡುಗೆಮನೇಲಿ! ನಡುವೆ ನಾನೊಬ್ಬ ದಡ್ಡ ನನ್ಮಗ ಮಳೇಲಿ ನೆಂದಿದ್ದೇ ನೆಂದಿದ್ದು!"

ಖಾರ್ವಿ ತಾತನೂ ನಗೋಕೆ ಶುರು ಮಾಡಿದರು. ಅಜ್ಜಿ ಒಳಗಿಂದ, "ಯಾರ್ ಸತ್ರು?" ಅಂತ ಓಡಿಬಂದಳು.

ನಗು ನಿಂತ ಮೇಲೆ ತಾತ ಕಣ್ಣೊರೆಸಿಕೊಂಡು ಅಂದ: "ಲೋ ಖಾರ್ವಿ, ಮನೇಲಿ ಒಂದು ಚಾಪೆ ಜಾಗ ಅದಾ? ನಮ್ ಹುಡ್ಗಿ ಬತ್ತಳೆ. ಈ ಮಳೆಗಾಲ ಅವಳು ಅಳೀಲಿ."

ನನ್ನನ್ನು ಕೇಳಲೇ ಇಲ್ಲ.

ಜುಲೈ 3

ಮಳೆ 1.9.

ವಿಷಯ ಹೇಳಿದಾಗ ಮೇಡಂಗೆ ಖುಷಿಯಾಯ್ತು. ಎರಡೂ ಕಡೆ ಸರಿಯಾಗಿ ಅಳೆದ ಒಂದು ಮಳೆಗಾಲ ಸಿಕ್ಕರೆ ಸಾಕು, ಲೆಕ್ಕ ಹೌದೋ ಅಲ್ಲವೋ ನೋಡಬಹುದು ಅಂದರು. ಅಲ್ಲ ಅಂತಲೂ ಆಗಬಹುದು ತಾತ ಅಂದರು. "ಆಗ್ಲಿ ಬುಡವ್ವ. ಅಲ್ಲ ಅನ್ನಾದಾರೂ ಸರಿಯಾಗಿ ಗೊತ್ತಾಗ್ಲಿ" ಅಂದ ತಾತ.

ಅಜ್ಜಿಗೆ ಮಾತ್ರ ಅನುಮಾನ. "ಮೂರು ತಿಂಗ್ಳು ಒಂದ್ ಕಡೆ ನಿಲ್ತಾಳಾ ಇವ್ಳು? ಇಪ್ಪತ್ತಾರು ದಿನದ ಮ್ಯಾಲೆ ಎಲ್ ನಿಂತವ್ಳೆ?"

ನನಗೂ ಗೊತ್ತಿಲ್ಲ. ಅಲ್ಲಿ ದಿನಾ ನೂರು, ನೂರೈವತ್ತು ಮಿಲಿ ಅಂತೆ. ಬೆಳಿಗ್ಗೆ ಎಂಟೂವರೆಗೆ ಆ ಮಳೆಯಲ್ಲಿ ಹೊರಗೆ ಹೋಗಬೇಕು. ಸೆಪ್ಟೆಂಬರ್‌ವರೆಗೆ. ಹೋಗದಿದ್ದರೆ ಹೋಗಿಲ್ಲ ಅಂತ ಬರೆಯಬೇಕು.

ಜುಲೈ 5, ಸಂಜೆ

4.5.

ಇವತ್ತು ಅಳೆದದ್ದು ಅಜ್ಜಿ. ತಾತನ ಕಣ್ಣಿಗೆ ಗ್ಲಾಸಿನ ಸಣ್ಣ ಗೆರೆ ಈಗ ಸರಿಯಾಗಿ ಕಾಣಲ್ಲ, ನಾನು ಹೋದ ಮೇಲೆ ಬೇರೆ ಯಾರಿದ್ದಾರೆ? ಹೇಳಿಕೊಡೋಕೆ ಹೋದರೆ, "ಹಾಲ್ಗೆ ನೀರ್ ಬೆರ್ಸವ್ರಾ ಅಂತ ಡಿಗ್ರಿ ನೋಡೋಳ್ಗೆ ನೀರ್ ನೋಡಾದು ಬತ್ತದೆ, ಸರಿ ಅತ್ಲಾಗೆ" ಅಂದಳು. ನಾಲ್ಕೂವರೆ ಅಂತ ಕೂಗಿದಳು. ತಾತ ಬರೆದುಕೊಂಡ. ಇನ್ನೊಂದು ಸಲ ನೋಡು ಅಂದ. ನಾಲ್ಕೂವರೇನೇ ಅಂದರೆ ನಾಲ್ಕೂವರೇನೇ, ಬೇಕಾರೆ ಕುಡ್ದು ನೋಡಿ ಅಂದಳು.

ಬ್ಯಾಗು ತುಂಬಿದ್ದಾಯ್ತು. ಖಾರ್ವಿ ತಾತನಿಗೆ ಎರಡು ಅಚ್ಚು ಬೆಲ್ಲ. ಹೊಸ ಅಳತೆ ಗ್ಲಾಸು, ಅಜ್ಜಿಯ ಹಳೇ ಸೀರೆಯಲ್ಲಿ ಸುತ್ತಿ, ಬಟ್ಟೆಗಳ ನಡುವೆ. ಒಂದು ಹೊಸ ನೋಟ್‌ಬುಕ್ — ಸೆಪ್ಟೆಂಬರ್ ಮೂವತ್ತರವರೆಗೆ ತಾತನೇ ಸ್ಕೇಲು ಇಟ್ಟು ಗೆರೆ ಹೊಡೆದಿದ್ದಾನೆ. ಕಣ್ಣು ಕಾಣದೆ ಗೆರೆಗಳು ಸ್ವಲ್ಪ ಸೊಟ್ಟ.

ಈಗ ಬಂದು ಬಾಗಿಲಲ್ಲಿ ನಿಂತಿದ್ದ. ಬುದ್ಧಿ ಹೇಳ್ತಾನೆ ಅಂದುಕೊಂಡೆ.

"ಒಡೆದೋದ್ರೆ ಫೋನ್ ಮಾಡು. ಇನ್ನೊಂದು ಕಳಿಸ್ತೀನಿ."

ಅಷ್ಟೇ ಹೇಳಿ ಹೋದ.

ಬಸ್ಸು ಬೆಳಿಗ್ಗೆ ಆರೂಕಾಲಿಗೆ. ಕೆ.ಆರ್. ಪೇಟೆ, ಹಾಸನ, ಮಂಗಳೂರು, ಕುಂದಾಪುರ, ಗಂಗೊಳ್ಳಿ. ನಾಳೆ ಹೊರಡುತ್ತೇನೆ.