ಕತ್ತರಿಸಿದ ಅರ್ತ್ ಪಿನ್

ಮಾರ್ಚ್ 3, ಸಂಜೆ

ಇವತ್ತೂ ಮೂರು ಮೋಟಾರ್ ಡ್ರೈವ್ ರಿಪೇರಿ. ಬೆನ್ನು ಬಿದ್ದುಹೋಗಿದೆ. ಹೈವೋಲ್ಟೇಜ್ ಅಳೆಯುವ ಡಿಫರೆನ್ಷಿಯಲ್ ಪ್ರೋಬ್ ಕ್ಯಾಲಿಬ್ರೇಷನ್‌ಗೆ ಹೋಗಿ ಆರು ವಾರ. ಮ್ಯಾನೇಜರ್‌ಗೆ ಹೇಳಿ ಹೇಳಿ ಬಾಯಿ ನೋವು ಬಂತು. ಮಾಮೂಲಿ ಪ್ರೋಬಿನ ಕ್ಲಿಪ್ ಡ್ರೈವಿಗೆ ಸಿಕ್ಕಿಸಿದರೆ, ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪಿನ ಅರ್ತ್ ಮೂಲಕ ಶಾರ್ಟ್ — ಢಮಾರ್. ಕೊನೆಗೆ ಸ್ಕೋಪಿನ ಪ್ಲಗ್‌ನ ಅರ್ತ್ ಪಿನ್ನನ್ನೇ ಕತ್ತರಿಸಿದೆ. ಈಗ ಶಾರ್ಟ್ ಇಲ್ಲ. ಡ್ರೈವ್ ಆನ್ ಇದ್ದಾಗ ಸ್ಕೋಪಿನ ಮೈಗೆ ಮಾತ್ರ ಮುನ್ನೂರು ವೋಲ್ಟ್. ಗ್ಲೌಸ್ ಹಾಕಿಯೇ ಗುಂಡಿ ತಿರುಗಿಸುತ್ತೇನೆ. "ಮುಟ್ಟಬೇಡಿ" ಎಂದು ಕೆಂಪು ಚೀಟಿ ಅಂಟಿಸಿದ್ದೇನೆ.

ತಪ್ಪು, ಗೊತ್ತು. ಪ್ರೋಬ್ ಬರುವವರೆಗೆ ಅಷ್ಟೇ…

ಮಾರ್ಚ್ 5

ಅಣ್ಣನದು ಅದೇ ವರ್ಕ್‌ಶಾಪ್, ಎರಡನೇ ಪಾಳಿ, ಬೇರೆ ಬೆಂಚು. ಟೆಸ್ಟರ್ ಹಚ್ಚಿ ನೋಡದೆ ಏನನ್ನೂ ಮುಟ್ಟದ ಪ್ರಾಣಿ. ಮನೆಯ ಫ್ರಿಜ್ಜನ್ನೂ.

"ಅತ್ತಿಗೇನ ಮದ್ವೆ ಆಗೋ ಮುಂಚೆ ಟೆಸ್ಟರ್ ಹಚ್ಚಿದ್ಯಾ?" ಎಂದೆ.

"ಹಚ್ಚಿದ್ದೆ. ಲೈಟ್ ಹತ್ತಿತ್ತು. ಆದ್ರೂ ಆದೆ."

ತುಂಬ ದಿನದ ಮೇಲೆ ನಕ್ಕೆ.

ಮಾರ್ಚ್ 9

ಆಡಿಟ್. ಕಣ್ಣಿಗೆ ಬೀಳದಿರಲಿ ಎಂದು ಬೆಳಿಗ್ಗೆ ಚೀಟಿ ಕಿತ್ತು ಕೋಟಿನ ಜೇಬಿಗೆ ಹಾಕಿದೆ. ಆಡಿಟರ್ ಬೆಂಚಿನ ಹತ್ತಿರವೂ ಬರಲಿಲ್ಲ. ಫೈಲು ನೋಡಿದ, ಹೋದ. ಮೈಯೆಲ್ಲ ನೋವು. ಪ್ರೋಬ್ ಸಿಕ್ಕಿಸಿದ ಡ್ರೈವನ್ನು ಹಾಗೆಯೇ ಬಿಟ್ಟು ಮನೆಗೆ ಬಂದೆ.

ಮಾರ್ಚ್ 13, ಬೆಳಿಗ್ಗೆ 10

ಮೂರು ದಿನ ಜ್ವರ. ಪೆನ್ನು ಹಿಡಿಯಲೂ ಆಗಲಿಲ್ಲ.

ಅತ್ತಿಗೆ ಮಾತ್ರೆ ತಂದುಕೊಟ್ಟಳು. "ನಿಮ್ಮಣ್ಣ ಬೆಳಿಗ್ಗೆನೇ ಹೋದ್ರು. ಇವತ್ತು ನಿನ್ ಬದಲು ನಿನ್ ಬೆಂಚಲ್ಲಿ ಕೆಲಸ ಅಂತೆ." ಹಾಗೆಯೇ ಒಗೆಯಲೆಂದು ನನ್ನ ಕೋಟಿನ ಜೇಬು ಖಾಲಿ ಮಾಡಿದಳು. ಕೆಂಪು ಚೀಟಿ.

ಕೆಲಸದ ವೇಳೆ ಅಣ್ಣನ ಫೋನ್ ಲಾಕರಿನಲ್ಲಿರುತ್ತದೆ. ವರ್ಕ್‌ಶಾಪಿನ ಸ್ಟೋರಿನವರಿಗೆ ಫೋನ್ ಮಾಡಿದೆ. "ನನ್ ಬೆಂಚಿನ ಸ್ಕೋಪ್ ಮುಟ್ಟಬೇಡ ಅಂತ ಅಣ್ಣನಿಗೆ ಓಡಿ ಹೇಳಿ" ಎಂದೆ. "ಆಯ್ತು, ಇರಮ್ಮ" ಎಂದರು.

10.20

ಸ್ಟೋರಿನವರ ಫೋನ್ ಬಂದಿಲ್ಲ. ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದಾಳೆ. ಏನಾದರೂ ಆಗಿದ್ದರೆ ಇವಳಿಗೆ ಯಾವ ಮುಖ ತೋರಿಸಲಿ? ಭಯವಾಗುತ್ತಿದೆ.

11

ಅಣ್ಣನೇ ಫೋನ್ ಮಾಡಿದ. ಸ್ಟೋರಿನವರು ಹೋಗುವ ಮೊದಲೇ ಡ್ರೈವ್ ಆನ್ ಮಾಡಿ, ಮುಟ್ಟುವ ಮುಂಚೆ ಸ್ಕೋಪಿಗೆ ಟೆಸ್ಟರ್ ಹಚ್ಚಿದ್ದನಂತೆ. ಲೈಟ್ ಹತ್ತಿತಂತೆ.

"ನೀನು ಮಲಗಿದ್ದಾಗ ಯಾವನೋ ಪುಣ್ಯಾತ್ಮ ಅರ್ತ್ ಪಿನ್ ಕತ್ತರಿಸಿದಾನೆ ಕಣೇ. ನಿಂಗೆ ಹೇಗೆ ಗೊತ್ತಾಯ್ತೋ… ಸದ್ಯ, ನೀನು ಮನೇಲಿದ್ದೆ."

ಅವನ ದನಿ ನಡುಗುತ್ತಿತ್ತು. ನನಗೋಸ್ಕರ.

ಚೀಟಿ ಇನ್ನೂ ಮುಷ್ಟಿಯಲ್ಲೇ ಇತ್ತು. ಹೇಳಿದೆ — ಅಣ್ಣಾ, ಅದನ್ನ ಕತ್ತರಿಸಿದ್ದು ನಾನೇ.